ದಾರಿಯೆಂಬ ಧರ್ಮಶಾಸ್ತ್ರ: ಸಗರನಾಡಿನ ನೆಲೆಯಿಂದ ಯೆಹೂದ್ಯ ಮತ್ತು ಇಸ್ಲಾಮೀ ಧಾರ್ಮಿಕ ನ್ಯಾಯದ ಪರಿಚಯ

ಪೀಠಿಕೆ

ಹೀಬ್ರೂ ಭಾಷೆಯ 'ತೋರಾ', ಗ್ರೀಕಿನ 'ನೋಮೊಸ್' ಎಂಬ ಪದಗಳಿಗೆ ಕನ್ನಡ ಸತ್ಯವೇದದ ಅನುವಾದಕರು ಒಂದು ಆವೃತ್ತಿಯಲ್ಲಿ 'ನ್ಯಾಯಪ್ರಮಾಣ' ಎಂದೂ ಇನ್ನೊಂದರಲ್ಲಿ 'ಧರ್ಮಶಾಸ್ತ್ರ' ಎಂದೂ ಬರೆದರು. ಮೊದಲನೆಯ ಪದ ನ್ಯಾಯಾಲಯವನ್ನು ನೆನಪಿಗೆ ತರುತ್ತದೆ. ಎರಡನೆಯದು ಮನು, ಯಾಜ್ಞವಲ್ಕ್ಯರ ಸ್ಮೃತಿಗಳನ್ನು. ಆದರೆ 'ತೋರಾ' ಎಂಬುದರ ಮೂಲಾರ್ಥ ಬೋಧನೆ, ದಾರಿ ತೋರಿಸುವಿಕೆ. ಈ ಅರ್ಥ ಎರಡು ಪದಗಳಲ್ಲಿಯೂ ಪೂರ್ಣವಾಗಿ ಉಳಿಯಲಿಲ್ಲ. ಉಪದೇಶಪೀಠದಲ್ಲಿ ಆ ಪದ ಬಹುಮಟ್ಟಿಗೆ ಕೃಪೆಗೆ ಎದುರಾಗಿ ನಿಲ್ಲುವ ಹೊರೆ ಎಂಬ ಅರ್ಥದಲ್ಲಿಯೇ ಕೇಳಿಬರುತ್ತದೆ.

ಈ ಗ್ರಹಿಕೆಯ ಪರಿಣಾಮ ಉಪದೇಶಪೀಠದಲ್ಲಿಯೇ ನಿಲ್ಲುವುದಿಲ್ಲ. ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಕ್ರೈಸ್ತ ಸಭೆಗಳ ನೆರೆಯಲ್ಲಿಯೇ ಮುಸಲ್ಮಾನರ ಮನೆಗಳಿವೆ. ಅಲ್ಲಿಯ ಮದುವೆ, ಆಸ್ತಿ, ಉಪವಾಸ, ದಾನಗಳು ಒಂದು ಧಾರ್ಮಿಕ ನ್ಯಾಯಪರಂಪರೆಯ ಮಾರ್ಗದರ್ಶನದಲ್ಲಿ ನಡೆಯುತ್ತವೆ. ಸಗರನಾಡಿನ ಸೌಹಾರ್ದವನ್ನು ಹೇಳುವಾಗ ನಾವು ತಿಂಥಣಿಯ ಮೌನೇಶ್ವರರ ಜಾತ್ರೆಯನ್ನೂ ಗೋಗಿಯ ದರ್ಗಾವನ್ನೂ ಉದಾಹರಿಸುತ್ತೇವೆ. ಅದು ಯೋಗ್ಯವೇ. ಆದರೆ ಜಾತ್ರೆಯಲ್ಲಿ ಪರಿಚಿತನಾದ ನೆರೆಯವನನ್ನು ಅವನ ಮಗಳ ಮದುವೆಯ ಒಪ್ಪಂದದಲ್ಲಿಯೂ ತಂದೆಯ ಆಸ್ತಿಯ ಹಂಚಿಕೆಯಲ್ಲಿಯೂ ನಾವು ಅರಿತಿಲ್ಲ. ಪ್ರಸ್ತುತ ಲೇಖನದಲ್ಲಿ ಯೆಹೂದ್ಯ ಮತ್ತು ಇಸ್ಲಾಮೀ ಧಾರ್ಮಿಕ ನ್ಯಾಯಗಳ ಸ್ವರೂಪವನ್ನು ಪರಿಚಯಿಸಿ, ಎರಡನೆಯದು ಈ ನಾಡಿನಲ್ಲಿ ನಡೆದು ಬಂದ ಬಗೆಯನ್ನು ಗುರುತಿಸಿ, ಅದರಿಂದ ನಮ್ಮ ದೇವಶಾಸ್ತ್ರಕ್ಕೆ ಏಳುವ ಪ್ರಶ್ನೆಯನ್ನು ಮುಂದಿಡಲು ಯತ್ನಿಸುತ್ತೇವೆ. ಹೆಣ್ಣುಮಗಳ ಪಾಲು ಮತ್ತು ಅವಳ ಬಿಡುಗಡೆ ಎಂಬ ವಿಷಯವನ್ನು ಉದ್ದಕ್ಕೂ ಒರೆಗಲ್ಲಾಗಿ ಇಟ್ಟುಕೊಳ್ಳುತ್ತೇವೆ.

1. ಯೆಹೂದ್ಯರ ಹಲಾಖಾ

ಯೆಹೂದ್ಯರು ತಮ್ಮ ಧಾರ್ಮಿಕ ನ್ಯಾಯವನ್ನು 'ಹಲಾಖಾ' ಎನ್ನುತ್ತಾರೆ. 'ನಡೆ' ಎಂಬ ಧಾತುವಿನಿಂದ ಬಂದ ಈ ಪದಕ್ಕೆ ನಡೆಯಬೇಕಾದ ರೀತಿ ಎಂದರ್ಥ. ಕನ್ನಡದಲ್ಲಿ ನಡೆ ಎಂಬುದಕ್ಕೆ ಚಲನೆ ಎಂದೂ ಆಚರಣೆ ಎಂದೂ ಎರಡು ಅರ್ಥಗಳಿರುವುದರಿಂದ ಇದನ್ನು ಗ್ರಹಿಸುವುದು ನಮಗೆ ಸುಲಭ.

ರಬ್ಬಿಗಳ ಪರಂಪರೆಯ ಪ್ರಕಾರ ಸೀನಾಯಿ ಬೆಟ್ಟದಲ್ಲಿ ಮೋಶೆಗೆ ಬರೆಹದ ತೋರಾದೊಡನೆ ಬಾಯಿಮಾತಿನ ತೋರಾವೂ ಲಭಿಸಿತು. ಪಂಚಗ್ರಂಥಗಳಲ್ಲಿ 613 ಆಜ್ಞೆಗಳಿವೆ ಎಂಬುದು ಸಾಂಪ್ರದಾಯಿಕ ಎಣಿಕೆ: 248 ವಿಧಿಗಳು, 365 ನಿಷೇಧಗಳು. ಆದರೆ ಆಜ್ಞೆಯೊಂದು ಬರೆಹದಲ್ಲಿದ್ದ ಮಾತ್ರಕ್ಕೆ ಆಚರಣೆ ನಿರ್ಧಾರವಾಗುವುದಿಲ್ಲ. ಸಬ್ಬತ್ ದಿನದಲ್ಲಿ ಕೆಲಸ ಮಾಡಬಾರದೆಂದರೆ ಯಾವುದು ಕೆಲಸ? ಇಂತಹ ಪ್ರಶ್ನೆಗಳಿಗೆ ತಲೆಮಾರುಗಳ ಗುರುಗಳು ಕೊಟ್ಟ ಉತ್ತರಗಳನ್ನು ಕ್ರಿ.ಶ. 200ರ ಸುಮಾರಿಗೆ ಯೆಹೂದಾ ಹನಾಸಿ ಎಂಬ ಗುರುವು ಆರು ವಿಭಾಗಗಳ 'ಮಿಷ್ನಾ' ಗ್ರಂಥವಾಗಿ ಸಂಕಲಿಸಿದನು. ಅದರ ಮೇಲಿನ ಚರ್ಚೆಗಳಿಂದ ಎರಡು ತಲ್ಮೂದುಗಳು ಬೆಳೆದವು; ಅವುಗಳಲ್ಲಿ ಬಾಬಿಲೋನಿನ ತಲ್ಮೂದು ಹೆಚ್ಚು ಪ್ರಮಾಣವೆನಿಸಿತು. ಈ ಗ್ರಂಥಗಳ ಒಂದು ವಿಶೇಷವನ್ನು ನಾವು ಗಮನಿಸಬೇಕು. ಸೋತ ವಾದವನ್ನೂ ಅವು ಹೇಳಿದವನ ಹೆಸರಿನೊಡನೆ ಉಳಿಸಿಕೊಳ್ಳುತ್ತವೆ.

ಬರೆದ ಆಜ್ಞೆಯಿಂದಲೇ ಬಡವನಿಗೆ ತೊಂದರೆಯಾದಾಗ ಗುರುಗಳು ಏನು ಮಾಡಿದರು ಎಂಬುದಕ್ಕೆ ಹಿಲ್ಲೇಲನ ನಿದರ್ಶನ ಪ್ರಸಿದ್ಧವಾಗಿದೆ. ಧರ್ಮೋಪದೇಶಕಾಂಡದ 15ನೆಯ ಅಧ್ಯಾಯದಂತೆ ಏಳನೆಯ ವರ್ಷದಲ್ಲಿ ಸಾಲಗಳು ಬಿಟ್ಟುಹೋಗಬೇಕು. ಆ ವರ್ಷ ಸಮೀಪಿಸಿದಂತೆ ಉಳ್ಳವರು ಸಾಲ ಕೊಡುವುದನ್ನೇ ನಿಲ್ಲಿಸಿದರು. ಆಗ ಹಿಲ್ಲೇಲನು, ಸಾಲಪತ್ರವನ್ನು ನ್ಯಾಯಸ್ಥಾನಕ್ಕೆ ಒಪ್ಪಿಸಿದರೆ ವಸೂಲಿಯ ಹಕ್ಕು ಉಳಿಯುವುದೆಂಬ 'ಪ್ರೊಸ್ಬೂಲ್' ವ್ಯವಸ್ಥೆಯನ್ನು ತಂದನು. ಆಜ್ಞೆಯ ಉದ್ದೇಶ ಬಡವನ ರಕ್ಷಣೆಯೇ ಆಗಿದ್ದುದರಿಂದ ಆ ಉದ್ದೇಶವನ್ನು ಕಾಯಲು ಆಚರಣೆಯನ್ನು ತಿದ್ದಲಾಯಿತು.

ಹೆಣ್ಣುಮಕ್ಕಳ ಪಾಲಿನ ಪ್ರಶ್ನೆ ಅರಣ್ಯಕಾಂಡದ 27ನೆಯ ಅಧ್ಯಾಯದಲ್ಲಿಯೇ ಇದೆ. ಚಲ್ಪಹಾದನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು ತಂದೆಯ ಸ್ವಾಸ್ತ್ಯವನ್ನು ಕೇಳಿದರು. ಅವರ ವಾದ ನ್ಯಾಯವೆಂದು ದೇವರಿಂದಲೇ ತೀರ್ಪು ಬಂದಿತು. ಆದರೂ ಗಂಡುಮಕ್ಕಳಿರುವಲ್ಲಿ ಅವರೇ ವಾರಸುದಾರರು ಎಂಬ ನಿಯಮ ಮಿಷ್ನಾದಲ್ಲಿ ನಿಂತಿತು. ಅದಕ್ಕೆ ಪ್ರತಿಯಾಗಿ ಎರಡು ಕಟ್ಟುಗಳನ್ನು ಹಾಕಲಾಯಿತು. ಮೊದಲನೆಯದು 'ಕೆತುಬಾ' ಎಂಬ ವಿವಾಹಪತ್ರ: ಗಂಡನು ಸತ್ತರೆ ಅಥವಾ ವಿಚ್ಛೇದನ ಕೊಟ್ಟರೆ ಹೆಂಡತಿಗೆ ಸಲ್ಲಬೇಕಾದ ಹಣದ ಬರೆಹದ ವಾಗ್ದಾನ. ಕನ್ಯೆಗೆ 200 ಜೂಜ್, ವಿಧವೆಗೆ 100 ಎಂಬುದು ಮಿಷ್ನಾದ ಕನಿಷ್ಠ ಮೊತ್ತ. ಎರಡನೆಯದು ಹೆಣ್ಣುಮಕ್ಕಳ ಪೋಷಣೆ: ಆಸ್ತಿ ಅಲ್ಪವಾಗಿದ್ದರೆ ಮೊದಲು ಹೆಣ್ಣುಮಕ್ಕಳ ಅನ್ನ ನಡೆಯಬೇಕು, ಗಂಡುಮಕ್ಕಳು ಭಿಕ್ಷೆ ಬೇಡಿದರೂ ಸರಿ ಎಂಬ ನಿರ್ಣಯ ಅಲ್ಲಿದೆ. ಮುಂದೆ ಯೂರೋಪಿನ ಯೆಹೂದ್ಯರಲ್ಲಿ ತಂದೆಯು ಮಗಳ ಮದುವೆಯ ಕಾಲಕ್ಕೆ ಒಂದು ಸಾಲಪತ್ರ ಬರೆದುಕೊಡುವ ಪದ್ಧತಿ ಬಂದಿತು. ತಂದೆ ಸತ್ತ ಮೇಲೆ ಅಣ್ಣತಮ್ಮಂದಿರು ಆ ದೊಡ್ಡ ಸಾಲವನ್ನು ತೀರಿಸಬೇಕು. ಇಲ್ಲವೆ ಗಂಡುಮಗನ ಪಾಲಿನ ಅರ್ಧವನ್ನು ಅವಳಿಗೆ ಕೊಡಬೇಕು. ನಿಯಮ ಅಳಿಯಲಿಲ್ಲ, ಮಗಳಿಗೂ ಪಾಲು ದಕ್ಕಿತು.

ಹಲಾಖಾ ಕನ್ನಡ ನಾಡಿಗೆ ಎಂದೂ ಕಾಲಿಡಲಿಲ್ಲವೆಂದು ಭಾವಿಸಬೇಕಾಗಿಲ್ಲ. ಉತ್ತರ ಆಫ್ರಿಕದಿಂದ ಬಂದು 12ನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನು 1132ರಲ್ಲಿ ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ಪತ್ರ ಬರೆದುಕೊಟ್ಟನು. ಅವನ ಕಾಗದಪತ್ರಗಳು ಕೈರೋ ನಗರದ ಯೆಹೂದ್ಯ ಸಭಾಮಂದಿರದ ಹಳೆಯ ಕಾಗದಗಳ ಕೋಣೆಯಲ್ಲಿ ಉಳಿದುಬಂದವು. ಅರಬ್ಬೀ ಸಮುದ್ರದ ಆಚೆಯ ನ್ಯಾಯಪರಂಪರೆಯೊಂದು ತುಳುನಾಡಿನ ಕರಾವಳಿಯಲ್ಲಿ ಒಬ್ಬ ಹೆಂಗಸಿನ ಸ್ಥಿತಿಯನ್ನು ಬದಲಿಸಿತ್ತು ಎಂಬುದಕ್ಕೆ ಅದು ಸಾಕ್ಷಿ.

2. ಇಸ್ಲಾಮಿನ ಷರೀಅತ್ ಮತ್ತು ಫಿಕ್ಹ್

'ಷರೀಅತ್' ಎಂಬ ಅರಬ್ಬೀ ಪದವನ್ನು ನೀರಿನ ನೆಲೆಗೆ ಹೋಗುವ ದಾರಿ ಎಂಬ ಅರ್ಥದಿಂದ ಬಿಡಿಸುವುದು ವಾಡಿಕೆ. ಬೇಸಗೆಯಲ್ಲಿ ಹಳ್ಳಗಳು ಬತ್ತುವ ಸಗರನಾಡಿನವರಿಗೆ ಆ ರೂಪಕವನ್ನು ವಿವರಿಸಬೇಕಾಗಿಲ್ಲ. ದೇವರು ಇಟ್ಟ ದಾರಿ ಷರೀಅತ್. ಆ ದಾರಿಯನ್ನು ಅರಿಯಲು ಮನುಷ್ಯರು ನಡೆಸುವ ವಿಚಾರ 'ಫಿಕ್ಹ್', ಅಂದರೆ ತಿಳಿವಳಿಕೆ. ದಾರಿ ದೈವಿಕ, ತಿಳಿವಳಿಕೆ ಮಾನವೀಯ ಎಂಬ ಈ ವ್ಯತ್ಯಾಸವನ್ನು ಇಸ್ಲಾಮಿನ ಪಂಡಿತರು ಬಹಳ ಮುಂಚೆಯೇ ಗುರುತಿಸಿದ್ದರು. ಆದ್ದರಿಂದಲೇ ಸುನ್ನೀ ಪರಂಪರೆಯಲ್ಲಿ ಒಂದನ್ನೊಂದು ಮಾನ್ಯಮಾಡುವ ನಾಲ್ಕು ಪಂಥಗಳು ನಿಲ್ಲಲು ಸಾಧ್ಯವಾಯಿತು. ಅವು ಅಬೂ ಹನೀಫಾ (ಮರಣ 767), ಮಾಲಿಕ್ (795), ಶಾಫಿಈ (820), ಇಬ್ನ್ ಹಂಬಲ್ (855) ಇವರ ಹೆಸರುಗಳಲ್ಲಿವೆ. ಶಿಯಾ ಸಮುದಾಯಕ್ಕೆ ಜಾಫರೀ ಪಂಥವಿದೆ. ಭಟ್ಕಳದ ನವಾಯತರು ಶಾಫಿಈ ಪಂಥದವರು. ದಖನ್ನಿನ ಒಳನಾಡಿನ ಸುನ್ನೀ ಮುಸಲ್ಮಾನರು ಬಹುಪಾಲು ಹನಫೀಗಳು.

ಸುನ್ನೀ ಪಂಡಿತರು ನಾಲ್ಕು ಮೂಲಗಳನ್ನು ಹೇಳುತ್ತಾರೆ: ಕುರಾನ್, ಪ್ರವಾದಿಯ ನಡೆನುಡಿಗಳಾದ ಸುನ್ನತ್, ಪಂಡಿತರ ಒಮ್ಮತವಾದ ಇಜ್ಮಾ, ತಿಳಿದ ವಿಧಿಯಿಂದ ಹೊಸ ಸಂದರ್ಭಕ್ಕೆ ಸಾದೃಶ್ಯದಿಂದ ಸಾಗುವ ಕಿಯಾಸ್. ಮನುಷ್ಯನ ಕ್ರಿಯೆಗಳನ್ನು ಕಡ್ಡಾಯ, ಶ್ಲಾಘ್ಯ, ಐಚ್ಛಿಕ, ಅನುಚಿತ, ನಿಷಿದ್ಧ ಎಂದು ಐದಾಗಿ ವಿಂಗಡಿಸುತ್ತಾರೆ. ಹೊರಗಿನವರು ಹಲಾಲ್, ಹರಾಮ್ ಎಂಬ ಎರಡನ್ನೇ ಬಲ್ಲರು. ಆದರೆ ಬದುಕಿನ ಬಹುಭಾಗ ನಡುವಿನ ಮೂರು ವರ್ಗಗಳಲ್ಲಿದೆ. ಹಾಗೆಯೇ ಮುಫ್ತಿ ಮತ್ತು ಖಾಜಿ ಇಬ್ಬರೂ ಒಂದೇ ಅಲ್ಲ. ಕೇಳಿದ ಪ್ರಶ್ನೆಗೆ ಮುಫ್ತಿ ಕೊಡುವ ಅಭಿಪ್ರಾಯ ಫತ್ವಾ. ವಾದಿ ಪ್ರತಿವಾದಿಗಳನ್ನು ಕೇಳಿ, ಸಾಕ್ಷ್ಯವನ್ನು ತೂಗಿ, ನಿರ್ಣಯ ಕೊಡುವವನು ಖಾಜಿ.

ಉತ್ತರಾಧಿಕಾರದ ವಿಧಿಗಳು ಕುರಾನಿನ ನಾಲ್ಕನೆಯ ಅಧ್ಯಾಯದಲ್ಲಿವೆ. ಮಕ್ಕಳಿರುವ ವಿಧವೆಗೆ ಎಂಟನೆಯ ಒಂದು ಭಾಗ, ಮಗನಿಗೆ ಮಗಳ ಎರಡರಷ್ಟು. ಈ ಲೆಕ್ಕ ಎಷ್ಟು ಸೂಕ್ಷ್ಮವೆಂದರೆ ಅದೇ ಒಂದು ಶಾಸ್ತ್ರವಾಗಿ ಬೆಳೆಯಿತು. 9ನೆಯ ಶತಮಾನದ ಅಲ್-ಖ್ವಾರಿಜ್ಮಿಯ ಬೀಜಗಣಿತದ ಗ್ರಂಥದಲ್ಲಿ ಆಸ್ತಿ ಹಂಚಿಕೆಯ ಲೆಕ್ಕಗಳು ದೊಡ್ಡ ಭಾಗವನ್ನು ಆಕ್ರಮಿಸಿವೆ. ಮದುವೆಯಲ್ಲಿ ವಧುವಿಗೆ ಸಲ್ಲುವ ಮೆಹರ್ ಅವಳದೇ ಸ್ವತ್ತು. ಬರೆಹದ ಒಪ್ಪಂದದಿಂದ ಹೆಣ್ಣಿಗೆ ಆಸರೆ ಒದಗಿಸುವ ವಿಷಯದಲ್ಲಿ ಕೆತುಬಾ ಮತ್ತು ಮೆಹರ್ ಒಂದನ್ನೊಂದು ಹೋಲುತ್ತವೆ.

3. ಎರಡು ಪರಂಪರೆಗಳ ನೆರೆಹೊರೆ

ಈ ಹೋಲಿಕೆಗಳು ಬರಿಯ ಕಾಕತಾಳೀಯವಲ್ಲ. ಬಾಬಿಲೋನಿನ ತಲ್ಮೂದನ್ನು ಕಲಿಸುತ್ತಿದ್ದ ಪಾಠಶಾಲೆಗಳೂ ಅಬೂ ಹನೀಫಾನ ಕೂಫಾ ಪಟ್ಟಣವೂ ಒಂದೇ ಇರಾಕಿನಲ್ಲಿದ್ದವು. ಯೆಹೂದ್ಯ ನ್ಯಾಯವನ್ನು 14 ಸಂಪುಟಗಳಲ್ಲಿ ಕ್ರಮಗೊಳಿಸಿದ ಮೈಮೋನಿದೀಸನು 12ನೆಯ ಶತಮಾನದಲ್ಲಿ ಈಜಿಪ್ಟಿನ ಮುಸಲ್ಮಾನ ಆಳ್ವಿಕೆಯಲ್ಲಿ ಬದುಕಿದವನು. ಆಜ್ಞೆಗಳನ್ನು ಎಣಿಸುವ ತನ್ನ ಗ್ರಂಥವನ್ನು ಅವನು ಅರಬ್ಬಿಯಲ್ಲಿಯೇ ಬರೆದನು. ದೂರದ ಊರುಗಳಿಂದ ಬಂದ ಪ್ರಶ್ನೆಗಳಿಗೆ ರಬ್ಬಿಗಳು ಬರೆದ ಉತ್ತರಪತ್ರಗಳಿಗೂ ಮುಫ್ತಿಗಳ ಫತ್ವಾಗಳಿಗೂ ರೂಪ ಒಂದೇ. ಎರಡರಲ್ಲಿಯೂ ಯಾಜಕನಿಗಿಂತ ಪಂಡಿತನೇ ಮುಖ್ಯ. ಶಾಸ್ತ್ರದ ಅಧ್ಯಯನವೇ ಆರಾಧನೆ.

ನಮ್ಮ ಸಮೀಪದಲ್ಲಿಯೂ ಇಂತಹ ಒಂದು ಕುರುಹು ಇದೆ. ಕೊಂಕಣದ ಬೆನೆ ಇಸ್ರಾಯೇಲ್ ಎಂಬ ಯೆಹೂದ್ಯರು ಎಣ್ಣೆ ತೆಗೆಯುವ ಕಸುಬಿನವರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಅವರಿಗೆ ಶನಿವಾರ ತೇಲಿಗಳೆಂದೇ ಹೆಸರಿತ್ತು. ಅವರು ತಮ್ಮ ವಿವಾಹಾದಿ ಕರ್ಮಗಳನ್ನು ನಡೆಸಿ ಜಗಳಗಳನ್ನು ತೀರಿಸುವ ಹಿರಿಯನನ್ನು ಕರೆದದ್ದು 'ಕಾಜಿ' ಎಂದು. ಶಹಾಪುರ, ಸುರಪುರಗಳಂತೆ ಕೊಂಕಣದ ಬಹುಭಾಗವೂ 17ನೆಯ ಶತಮಾನದ ಮಧ್ಯದಲ್ಲಿ ವಿಜಯಪುರದ ಆದಿಲಶಾಹಿಗೆ ಸೇರಿತ್ತು. ಮೋಶೆಯ ಧರ್ಮಶಾಸ್ತ್ರವನ್ನು ಆಚರಿಸುವವರು ತಮ್ಮ ನ್ಯಾಯಾಧಿಕಾರಿಯ ಹೆಸರನ್ನು ಮುಸಲ್ಮಾನ ನೆರೆಯವರಿಂದ ಪಡೆದುಕೊಳ್ಳಲು ಹಿಂಜರಿಯಲಿಲ್ಲ.

4. ಸಗರನಾಡಿನಲ್ಲಿ ಖಾಜಿ

1347ರಲ್ಲಿ ಕಲಬುರಗಿಯನ್ನು ರಾಜಧಾನಿಯಾಗಿ ಮಾಡಿಕೊಂಡು ಬಹಮನೀ ರಾಜ್ಯ ಸ್ಥಾಪನೆಯಾದಾಗ ಕೃಷ್ಣಾ ಭೀಮಾ ನದಿಗಳ ನಡುವಿನ ಈ ಸೀಮೆ ಅದರ ಒಳನಾಡಾಯಿತು. 1422ರಲ್ಲಿ ಕಲಬುರಗಿಯಲ್ಲಿ ತೀರಿಕೊಂಡ ಖ್ವಾಜಾ ಬಂದಾನವಾಜರು ಸೂಫಿಗಳಾಗಿದ್ದಂತೆಯೇ ಷರೀಅತ್ತಿನ ಪಂಡಿತರೂ ಆಗಿದ್ದರು. 1472ರಲ್ಲಿ ಮಹಮೂದ್ ಗವಾನ್ ಬೀದರಿನಲ್ಲಿ ಮದರಸಾ ಕಟ್ಟಿಸಿದನು. ಭಕ್ತಿ ಮತ್ತು ನ್ಯಾಯಗಳನ್ನು ಎದುರುಬದುರು ನಿಲ್ಲಿಸುವ ನಮ್ಮ ರೂಢಿ ಈ ಇತಿಹಾಸಕ್ಕೆ ಒಗ್ಗುವುದಿಲ್ಲ.

ಶಹಾಪುರ ತಾಲೂಕಿನ ಗೋಗಿ ಈ ವಿಷಯದಲ್ಲಿ ವಿಶೇಷವಾಗಿ ಗಮನಾರ್ಹ. ಅಲ್ಲಿಯ ಚಂದಾ ಹುಸೇನಿಯವರ ದರ್ಗಾದ ಬಳಿಯಲ್ಲಿ ಆದಿಲಶಾಹಿಯ ಮೊದಲ ಅರಸರ ಸಮಾಧಿಗಳಿವೆ. ಅವರಲ್ಲಿ ಯೂಸುಫ್ ಆದಿಲ್‌ಶಾಹನು 16ನೆಯ ಶತಮಾನದ ಆರಂಭದಲ್ಲಿ ಶಿಯಾ ಪಂಥವನ್ನು ರಾಜ್ಯದ ಪಂಥವೆಂದು ಸಾರಿದನು. ಮಗ ಇಸ್ಮಾಯಿಲನೂ ಅದನ್ನೇ ಅನುಸರಿಸಿದನು. 1534ರಿಂದ 1558ರವರೆಗೆ ಆಳಿದ ಒಂದನೆಯ ಇಬ್ರಾಹಿಮನು ಅದನ್ನು ತೊರೆದು ಸುನ್ನೀ ಹನಫೀ ಪಂಥಕ್ಕೆ ಮರಳಿದನು; ಲೆಕ್ಕಪತ್ರಗಳಲ್ಲಿ ಪಾರಸಿಯ ಬದಲು ದೇಶಭಾಷೆಗೆ ಎಡೆಮಾಡಿಕೊಟ್ಟನು. ಹೀಗೆ ನ್ಯಾಯಪಂಥದಲ್ಲಿ ಭಿನ್ನರಾದ ತಂದೆ, ಮಗ, ಮೊಮ್ಮಗ ಮೂವರೂ ಒಬ್ಬ ಸೂಫಿಯ ಮಗ್ಗುಲಲ್ಲಿ ಮಲಗಿದ್ದಾರೆ. ಇಸ್ಲಾಮೀ ನ್ಯಾಯ ಒಂದೇ ಅಚ್ಚಿನದೆಂದು ತಿಳಿದವರಿಗೆ ಗೋಗಿಯ ಆ ಆವರಣವೇ ಉತ್ತರ.

ದಖನ್ನಿನ ಖಾಜಿಯು ಒಂಟಿಯಾಗಿ ಕುಳಿತು ಗ್ರಂಥ ನೋಡಿ ತೀರ್ಪು ಕೊಡುವವನಾಗಿರಲಿಲ್ಲ. ವತನು, ಜಮೀನು, ಮಾನಮರ್ಯಾದೆಗಳ ದೊಡ್ಡ ವ್ಯಾಜ್ಯಗಳು ಮಜಲಿಸಿನ ಮುಂದೆ ಬರುತ್ತಿದ್ದವು. ಅಲ್ಲಿ ಸರ್ಕಾರದ ಅಧಿಕಾರಿ, ಖಾಜಿ, ದೇಸಾಯಿ, ದೇಶಪಾಂಡೆ, ಗೌಡ, ಕುಲಕರ್ಣಿ, ವರ್ತಕರು, ಊರಿನ ಆಯಗಾರರು ಕೂಡುತ್ತಿದ್ದರು. ನಿರ್ಣಯವನ್ನು ಬರೆದು, ಹಾಜರಿದ್ದವರ ಸಹಿ ಗುರುತುಗಳನ್ನೂ ಖಾಜಿಯ ಮೊಹರನ್ನೂ ಹಾಕಿದ ಪತ್ರವೇ 'ಮಹಜರ್'. ಹಿಂದೂಗಳ ವ್ಯಾಜ್ಯದ ಪತ್ರಗಳಿಗೂ ಆ ಮೊಹರು ಬೀಳುತ್ತಿತ್ತು. ಅವರ ವಿವಾಹ, ವಾರಸು, ಜಾತಿ ವಿಷಯಗಳು ಮಾತ್ರ ಅವರವರ ರೂಢಿಯಂತೆ ನಡೆಯುತ್ತಿದ್ದವು. ಇಂದು ಪೊಲೀಸರು ಸ್ಥಳ ಪರಿಶೀಲಿಸಿ ಪಂಚರ ಸಹಿ ಪಡೆದು ಬರೆಯುವ ಮಹಜರು ಆ ಪತ್ರದ ಹೆಸರನ್ನೇ ಉಳಿಸಿಕೊಂಡಿದೆ.

ಮಹಜರು ಒಂದೇ ಅಲ್ಲ. ಹಕ್ಕು, ವಾರಸು, ವಕೀಲ, ಜಾಮೀನು, ಕಾಯ್ದೆ, ಹಾಜರು, ತಕರಾರು, ರಾಜಿ, ಅಸಲು, ನಕಲು ಇವೆಲ್ಲ ಅರಬ್ಬಿಯಿಂದ ಪಾರಸಿಯ ಮೂಲಕ ಬಂದು ಕನ್ನಡವೇ ಆದ ಮಾತುಗಳು. ಇವುಗಳಲ್ಲಿ 'ಕಾನೂನು' ನಮಗೆ ಹೆಚ್ಚು ಹತ್ತಿರದ್ದು. ಅರಬ್ಬಿಯ 'ಕಾನೂನ್' ಗ್ರೀಕಿನ 'ಕಾನೋನ್' ಪದದಿಂದ ಬಂದದ್ದು. ಅಳತೆಗೋಲು ಎಂಬ ಅರ್ಥದ ಅದೇ ಪದದಿಂದ ಸಭೆಯು ತನ್ನ ಶಾಸ್ತ್ರಗ್ರಂಥಗಳ ಅಂಗೀಕೃತ ಪಟ್ಟಿಗೂ ಸಭಾನಿಯಮಗಳಿಗೂ ಹೆಸರಿಟ್ಟಿತು. ಸುರಪುರದ ರೈತನು ಕಚೇರಿಯಲ್ಲಿ ಕಾನೂನು ಎಂದಾಗ ಅವನ ಬಾಯಲ್ಲಿ ಇರುವುದು ನಮ್ಮ ಆದಿಸಭೆಯ ಭಾಷೆಯ ಪದವೇ.

5. ದಾರಿಯು ಕಾಯ್ದೆಯಾದದ್ದು

1686ರಲ್ಲಿ ವಿಜಯಪುರ ಔರಂಗಜೇಬನ ವಶವಾಯಿತು; ಮುಂದಿನ ಶತಮಾನದಲ್ಲಿ ಈ ಸೀಮೆ ನಿಜಾಮರ ಅಧೀನಕ್ಕೆ ಬಂದಿತು. ಸುರಪುರದ ನಾಯಕರು ಮಾತ್ರ 1858ರ ದಂಗೆಯವರೆಗೆ ತಮ್ಮ ಸಂಸ್ಥಾನವನ್ನು ಉಳಿಸಿಕೊಂಡರು. 1860ರಲ್ಲಿ ಬ್ರಿಟಿಷರು ಅದನ್ನೂ ನಿಜಾಮರಿಗೆ ಒಪ್ಪಿಸಿದರು. ಇತ್ತ ಬ್ರಿಟಿಷ್ ಭಾರತದಲ್ಲಿ ಬೇರೊಂದು ಬದಲಾವಣೆ ನಡೆದಿತ್ತು. 1772ರಲ್ಲಿ ವಾರನ್ ಹೇಸ್ಟಿಂಗ್ಸನು ಮುಸಲ್ಮಾನರಿಗೆ ಕುರಾನಿನ, ಹಿಂದೂಗಳಿಗೆ ಶಾಸ್ತ್ರದ ನಿಯಮಗಳೆಂದು ಗೊತ್ತುಪಡಿಸಿದನು. 12ನೆಯ ಶತಮಾನದ ಹನಫೀ ಗ್ರಂಥ 'ಹಿದಾಯಾ' 1791ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಗುರುವಿನ ಬಳಿ ಕುಳಿತು ಭಿನ್ನಾಭಿಪ್ರಾಯಗಳೊಡನೆ ಓದಬೇಕಾದ ಗ್ರಂಥವು ಅರಬ್ಬಿ ಬಾರದ ನ್ಯಾಯಾಧೀಶನ ಮೇಜಿನ ಮೇಲೆ ಕಾಯ್ದೆಯ ಪುಸ್ತಕವಾಯಿತು. ನಾವು ತೋರಾವನ್ನು ಬರಿಯ ಆಜ್ಞೆಗಳ ಪಟ್ಟಿಯೆಂದು ಓದುವುದೂ ಅದೇ ಬಗೆಯ ಓದು.

ಆದರೂ ಪರಂಪರೆಯ ಒಳಗಿನ ಚಲನೆ ನಿಲ್ಲಲಿಲ್ಲ. ಹನಫೀ ಪಂಥದಲ್ಲಿ, ತೊರೆದುಹೋದ ಅಥವಾ ಕಾಣೆಯಾದ ಗಂಡನಿಂದ ಹೆಂಡತಿಗೆ ಬಿಡುಗಡೆ ದೊರೆಯುವುದು ಬಹಳ ಕಷ್ಟವಾಗಿತ್ತು. ಇಸ್ಲಾಂ ತ್ಯಜಿಸಿದರೆ ಮದುವೆ ಮುರಿಯುವುದೆಂಬ ನಿಯಮವನ್ನು ಹಿಡಿದು, ಪಂಜಾಬಿನಲ್ಲಿ ಕೆಲವು ಹೆಂಗಸರು ಮತಾಂತರವನ್ನೇ, ಕೆಲವೊಮ್ಮೆ ಕ್ರೈಸ್ತ ಮತಕ್ಕೆ, ಬಿಡುಗಡೆಯ ಬಾಗಿಲಾಗಿ ಬಳಸಿದರು. ಹನಫೀ ಪಂಡಿತರಾದ ಅಶ್ರಫ್ ಅಲೀ ಥಾನವಿಯವರು ಈ ಸಂಕಟಕ್ಕೆ ಮಾಲಿಕೀ ಪಂಥದಿಂದ ಪರಿಹಾರ ತರಬಹುದೆಂದು ಶಾಸ್ತ್ರೋಕ್ತವಾಗಿ ವಾದಿಸಿದರು. 1939ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆಗೆ ಆ ಚಿಂತನೆ ತಳಹದಿಯಾಯಿತು. ನಾಲ್ಕು ವರ್ಷ ಸುಳಿವಿಲ್ಲದ, ಎರಡು ವರ್ಷ ಜೀವನಾಂಶ ಕೊಡದ ಗಂಡನಿಂದ ಬಿಡುಗಡೆ ಪಡೆಯಲು ಹೆಂಡತಿಗೆ ದಾರಿಯಾಯಿತು; ಅದರೊಡನೆ, ಮತತ್ಯಾಗ ಮಾತ್ರದಿಂದಲೇ ಅವಳ ಮದುವೆ ಮುರಿಯದೆಂದೂ ನಿಶ್ಚಯವಾಯಿತು. ತಮ್ಮಲ್ಲಿಗೆ ಬಂದವರನ್ನು ಸುವಾರ್ತೆಯೇ ಕರೆತಂದಿತೋ ಸಂಕಟವೋ ಎಂಬ ಪ್ರಶ್ನೆಯನ್ನು ಅಂದಿನ ಸಭೆಗಳು ಕೇಳಿಕೊಳ್ಳಬೇಕಾಗಿತ್ತು. ಇಂದಿನ ನಾವೂ ಕೇಳಿಕೊಳ್ಳಬೇಕು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ಈ ಸೀಮೆ ಅಂದಿನ ಮೈಸೂರು ರಾಜ್ಯಕ್ಕೆ ಬಂದಿತು. 1937ರ ಷರೀಅತ್ ಅನ್ವಯ ಕಾಯ್ದೆಯನ್ನು ಹಳೆಯ ಸಂಸ್ಥಾನಗಳ ಪ್ರದೇಶಕ್ಕೆ 1959ರ ಶಾಸನವೊಂದು ವಿಸ್ತರಿಸಿತು. ಅದು 1960ರ ಫೆಬ್ರವರಿ 1ರಿಂದ ಜಾರಿಗೆ ಬಂದಿತು. ಮೂಲ ಕಾಯ್ದೆಯ 2ನೆಯ ಕಲಮು ಕೃಷಿಭೂಮಿಯ ಪ್ರಶ್ನೆಗಳನ್ನು ಹೊರಗಿಟ್ಟಿತ್ತು. ಒಕ್ಕಲುತನವೇ ಜೀವನವಾದ ನಾಡಿನಲ್ಲಿ ಹೊಲವನ್ನು ಹೊರಗಿಟ್ಟರೆ ಮಗಳ ಪಾಲಿನಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನು ಓದುಗರೇ ಊಹಿಸಬಹುದು. ಶಾಸ್ತ್ರ ಕೊಟ್ಟದ್ದನ್ನು ಶಾಸನ ಕಡಿಮೆ ಮಾಡಿತು.

6. ಮೂರು ಲೆಕ್ಕಗಳು

ಒಂದು ಸರಳ ಉದಾಹರಣೆಯನ್ನು ನೋಡೋಣ. ಒಬ್ಬನು ಮರಣಪತ್ರ ಬರೆಯದೆ ಹೆಂಡತಿ, ಒಬ್ಬ ಮಗ, ಒಬ್ಬ ಮಗಳನ್ನು ಬಿಟ್ಟು ತೀರಿಹೋದನು. ಅವನ ಸ್ವತ್ತನ್ನು 24 ಭಾಗ ಮಾಡಬೇಕು. ಮಿಷ್ನಾದ ನಿಯಮದಂತೆ 24 ಭಾಗಗಳೂ ಮಗನಿಗೆ. ಆದರೆ ತಾಯಿಯ ಕೆತುಬಾ ಹಣವೂ ತಂಗಿಯ ಪೋಷಣೆಯೂ ಆ ಸ್ವತ್ತಿನ ಮೇಲಿನ ಋಣ. ಹನಫೀ ನಿಯಮದಂತೆ ಸಾಲಗಳೂ ತೀರದ ಮೆಹರೂ ಕಳೆದ ಮೇಲೆ ವಿಧವೆಗೆ 3, ಮಗನಿಗೆ 14, ಮಗಳಿಗೆ 7. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಮೂವರಿಗೂ ಎಂಟೆಂಟು.

ಲೆಕ್ಕದಲ್ಲಿ ನಮ್ಮದೇ ಸಮಾನವೆಂದು ಹೆಮ್ಮೆಪಡುವ ಮುನ್ನ ಎರಡು ಮಾತುಗಳನ್ನು ನೆನೆಯಬೇಕು. ಮೊದಲನೆಯದು, ಆ ಸಮಾನತೆ ಸಭೆಯ ಧ್ಯಾನದಿಂದ ಹುಟ್ಟಿದ್ದಲ್ಲ, ಶಾಸನಸಭೆಯಿಂದ ಬಂದದ್ದು. ಕೃಪೆಯ ಹೆಸರಿನಲ್ಲಿ ಧರ್ಮಶಾಸ್ತ್ರವನ್ನು ಬದಿಗಿಟ್ಟ ನಾವು ಮಗಳ ಪಾಲನ್ನು ದೇವಶಾಸ್ತ್ರದ ವಿಷಯವೆಂದು ಎಣಿಸಲೇ ಇಲ್ಲ. ಎರಡನೆಯದು, ಕಾಯ್ದೆಯ ಎಂಟು ಭಾಗ ಮನೆಯಲ್ಲಿ ಮಗಳ ಕೈಸೇರಬೇಕಾದರೆ ಅದನ್ನು ದೇವರ ಮುಂದಿನ ಋಣವೆಂದು ಅಣ್ಣತಮ್ಮಂದಿರಿಗೆ ಕಲಿಸುವವರು ಬೇಕು. ರಬ್ಬಿಯೂ ಮುಫ್ತಿಯೂ ತಮ್ಮ ನಿಯಮಗಳ ವಿಷಯದಲ್ಲಿ ಆ ಕೆಲಸ ಮಾಡುತ್ತ ಬಂದಿದ್ದಾರೆ. ನಮ್ಮ ಸಭಾಪಾಲಕರ ಉಪದೇಶಗಳಲ್ಲಿ ಅದಕ್ಕೆ ಸ್ಥಳವಿದೆಯೇ?

ಉಪಸಂಹಾರ

ಪೌಲನು ಗಮಲಿಯೇಲನ ಪಾದಸನ್ನಿಧಿಯಲ್ಲಿ ಶಿಕ್ಷಣ ಪಡೆದನೆಂದು ಅಪೊಸ್ತಲರ ಕೃತ್ಯಗಳ 22ನೆಯ ಅಧ್ಯಾಯ ತಿಳಿಸುತ್ತದೆ. ಅದೇ ಗಮಲಿಯೇಲನ ಒಂದು ನಿರ್ಣಯವನ್ನು ಮಿಷ್ನಾ ಉಳಿಸಿದೆ. ಸಾಮಾನ್ಯವಾಗಿ ಇಬ್ಬರು ಸಾಕ್ಷಿಗಳಿಲ್ಲದೆ ಯಾವ ಸಂಗತಿಯೂ ಸ್ಥಿರಪಡದು. ಆದರೆ ದೂರದಲ್ಲಿ ಗಂಡ ಸತ್ತನೆಂದು ಒಬ್ಬನೇ ಸಾಕ್ಷಿ ಹೇಳಿದರೂ ಹೆಂಡತಿ ಮರುಮದುವೆಯಾಗಬಹುದು. ಇಲ್ಲವಾದರೆ ಅವಳು ಬದುಕಿಡೀ ಕಟ್ಟಿಹಾಕಲ್ಪಟ್ಟವಳಾಗಿ ಉಳಿಯುವಳು. 1939ರಲ್ಲಿ ಹನಫೀ ಹೆಂಗಸರಿಗೆ ದೊರೆತದ್ದೂ ಅಂತಹುದೇ ಬಿಡುಗಡೆ. ಪೌಲನು ಗಲಾತ್ಯದವರಿಗೆ ಧರ್ಮಶಾಸ್ತ್ರದ ಮಿತಿಯನ್ನು ಕುರಿತು ಬರೆದದ್ದು ಸತ್ಯ. ಆದರೆ ಅವನು ಕಲಿತ ಶಾಸ್ತ್ರ ಕರುಣೆಯನ್ನೇ ಅರಿಯದ ಶಾಸ್ತ್ರವಾಗಿರಲಿಲ್ಲ. ಅವನ ವಾದದ ತೂಕ ತಿಳಿಯಬೇಕಾದರೆ ಅವನ ಗುರುವಿನ ನ್ಯಾಯವನ್ನೂ ತಿಳಿಯಬೇಕು.

ಹಲಾಖಾ, ಷರೀಅತ್ ಎರಡರ ಹೆಸರಿನಲ್ಲಿಯೂ ದಾರಿ ಇದೆ. ಅಪೊಸ್ತಲರ ಕಾಲದಲ್ಲಿ ನಮ್ಮ ಸಭೆಗೂ 'ಮಾರ್ಗ' ಎಂಬುದೇ ಹೆಸರಾಗಿತ್ತು. ಈ ದಾರಿಗಳು ಒಂದೇ ಎಂದು ನಾವು ಹೇಳುತ್ತಿಲ್ಲ. ಕ್ರಿಸ್ತನೇ ಮಾರ್ಗವೆಂಬ ನಮ್ಮ ಅರಿಕೆಯನ್ನು ಸಡಿಲಿಸುತ್ತಲೂ ಇಲ್ಲ. ಸಗರನಾಡಿನ ಸಭೆಗಳಿಗೆ ಸೇವೆಗಾಗಿ ಹೋಗುವವರು ನೆರೆಯವನ ನ್ಯಾಯವನ್ನು ಅವನ ಪಂಡಿತರ ಬಾಯಿಂದ ಕೇಳಿ ತಿಳಿಯಲಿ; ಕೇಳಿದ ಮೇಲೆ ಅರಣ್ಯಕಾಂಡವನ್ನು ತೆರೆದು, ಚಲ್ಪಹಾದನ ಹೆಣ್ಣುಮಕ್ಕಳ ಪ್ರಶ್ನೆಯನ್ನು ತಮ್ಮ ಸಭೆಯ ಮನೆಗಳಲ್ಲಿಯೂ ಕೇಳಲಿ.